‘ಪಟ್ಟದಕಲ್ಲು’ ಓದಿದ ಹುಡುಗಿ

ಬಾದಾಮಿಯ ಬಸ್ ನಿಲ್ದಾಣದಲ್ಲಿ ನನ್ನ ತಂಗಿಯ ಮಗಳು ಬಸ್ಸಿನ ಫಲಕದತ್ತ ಬೆರಳು ತೋರಿಸಿ ಓದಿದಳು: ‘ಪಟದಕಲು’. ಎರಡನೆಯ ತರಗತಿಯ ಹುಡುಗಿ. ಎರಡು ಒತ್ತುಗಳೂ ಬಿಟ್ಟುಹೋಗಿದ್ದವು. ‘ಸಣ್ಣವಳು, ಬರುತ್ತದೆ ಬಿಡಿ’ ಎಂದರು ಪಕ್ಕದಲ್ಲಿದ್ದ ಹಿರಿಯರು. ಆ ಮಾತು ಅರ್ಧ ನಿಜ. ಅದನ್ನೇ ಪೂರ್ತಿ ನಂಬಿ ಕುಳಿತರೆ, ನಿಜವಾಗಿಯೂ ಓದಿನ ತೊಂದರೆಯಿರುವ ಕೆಲವು ಮಕ್ಕಳ ಪಾಲಿಗೆ ಅಮೂಲ್ಯವಾದ ಎರಡು ಮೂರು ವರ್ಷಗಳು ಕೈತಪ್ಪುತ್ತವೆ.

ನಿಜವಾದ ಅರ್ಧವನ್ನು ಮೊದಲು ಹೇಳುತ್ತೇನೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. ಆದರೆ 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ ಗುಣಿತಾಕ್ಷರಗಳೇ 442 ಆಗುತ್ತವೆ; ಒತ್ತಕ್ಷರಗಳ ಲೆಕ್ಕ ಬೇರೆ. ‘ಕರ್ನಾಟಕ’ ಎನ್ನುವಾಗ ಕಿವಿಗೆ ‘ರ್’ ಮೊದಲು ಬೀಳುತ್ತದೆ, ಕಣ್ಣಿಗೆ ‘ನಾ’ ಮೊದಲು ಬೀಳುತ್ತದೆ. ಅರ್ಕಾವತ್ತು ಅದರ ಬೆನ್ನಿಗೆ ಕುಳಿತಿರುತ್ತದೆ. ಸೊನ್ನೆಯೂ ಹಾಗೆಯೇ: ‘ಇಂಡಿ’ಯಲ್ಲಿ ಒಂದು ದನಿ, ‘ಸಿಂದಗಿ’ಯಲ್ಲಿ ಇನ್ನೊಂದು, ‘ಕಂಬ’ದಲ್ಲಿ ಮತ್ತೊಂದು. ಕನ್ನಡ ಶಾಲೆಗಳ ಮಕ್ಕಳ ಮೇಲೆ ಸೋನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ನಮ್ಮ ಅಕ್ಷರಗಳ ಕಲಿಕೆ ಒಂದು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ.

ಹಾಗಾದರೆ ಓದಿನ ತೊಂದರೆ ಇದೆಯೇ ಎಂದು ಎರಡನೆಯ ತರಗತಿಯಲ್ಲಿಯೇ ತಪಾಸಣೆ ಮಾಡಿ ಏನು ಪ್ರಯೋಜನ? ಒತ್ತು ತಪ್ಪಿದ್ದನ್ನಷ್ಟೇ ಎಣಿಸಿದರೆ ಏನೂ ಇಲ್ಲ. ನೋಡಬೇಕಾದದ್ದು ಓದಿನ ಬುಡವನ್ನು. ಇಳಕಲ್ಲಿನ ಮನೆಯಲ್ಲಿ ನಾನು ಅವಳಿಗೆ ಕೇಳಿದೆ: ‘ಸೆರಗು’ ಪದದಿಂದ ‘ಸೆ’ ತೆಗೆದರೆ ಏನು ಉಳಿಯುತ್ತದೆ? ಅವಳು ತುಂಬ ಹೊತ್ತು ಯೋಚಿಸಿ ‘ಸೀರೆ’ ಎಂದಳು. ಅರ್ಥ ಗೊತ್ತಿತ್ತು, ದನಿಯನ್ನು ಬಿಡಿಸಲು ಬರಲಿಲ್ಲ. ಇನ್ನೊಂದು ಪರೀಕ್ಷೆ, ಪರಿಚಿತ ಚಿತ್ರಗಳನ್ನೋ ಬಣ್ಣಗಳನ್ನೋ ಸಾಲಾಗಿಟ್ಟು ಹೆಸರುಗಳನ್ನು ಬೇಗಬೇಗ ಹೇಳಿಸುವುದು. 1970ರ ದಶಕದಲ್ಲಿ ಅಮೆರಿಕದ ಮಾರ್ಥಾ ಡೆಂಕ್ಲಾ ಮತ್ತು ರೀಟಾ ರುಡೆಲ್ ಗುರುತಿಸಿದಂತೆ, ಓದಿನ ತೊಂದರೆಯಿರುವ ಮಕ್ಕಳು ಗೊತ್ತಿರುವ ಹೆಸರುಗಳನ್ನು ಹೇಳುವಲ್ಲಿಯೂ ನಿಧಾನ. ಅಕ್ಷರವನ್ನು ತಿರುವುಮುರುವಾಗಿ ಬರೆಯುವುದೇ ಡಿಸ್ಲೆಕ್ಸಿಯಾದ, ಅಂದರೆ ಓದು-ಬರಹ ಕಲಿಯುವಲ್ಲಿನ ತೊಂದರೆಯ, ಗುರುತು ಎಂಬ ಭಯ ಪಾಲಕರಲ್ಲಿದೆ. ಐದಾರು ವರ್ಷದ ಎಷ್ಟೋ ಮಕ್ಕಳು ಹಾಗೆ ಬರೆಯುತ್ತಾರೆ, ಅದೊಂದರಿಂದಲೇ ಕಂಗೆಡಬೇಕಿಲ್ಲ.

ಮಗುವಿನ ಕಣ್ಣು, ಕಿವಿಯನ್ನು ಮೊದಲು ವೈದ್ಯರಿಗೆ ತೋರಿಸಬೇಕು. ಮನೆಮಾತನ್ನೂ ಕೇಳಿಕೊಳ್ಳಬೇಕು: ವಿಜಯಪುರದ ತಾಂಡಾದಲ್ಲಿ ಲಂಬಾಣಿ, ಬೆಳಗಾವಿಯ ಗಡಿಯೂರುಗಳಲ್ಲಿ ಮರಾಠಿ ಆಡುವ ಮಗುವಿಗೆ ಕನ್ನಡ ಪದವೇ ಹೊಸದಾಗಿರಬಹುದು. ಅದು ಓದಿನ ದೋಷವಲ್ಲ. ತಪಾಸಣೆಯಿಂದ ಯಾವ ಮಗುವಿಗೂ ಹಣೆಪಟ್ಟಿ ಅಂಟಬಾರದು. ಕೆಲವು ವಾರ ಹತ್ತಿರ ಕೂರಿಸಿಕೊಂಡು ಕಲಿಸಿ, ಮತ್ತೆ ನೋಡಬೇಕು. ಆಗಲೂ ಮಗು ಅಲ್ಲೇ ನಿಂತಿದ್ದರೆ ತಜ್ಞರ ಬಳಿಗೆ ಕರೆದೊಯ್ಯಬೇಕು.

ನಾವು ಸಂಜೆ ಹತ್ತು ನಿಮಿಷ, ಚಪ್ಪಾಳೆ ತಟ್ಟುತ್ತ ಪದಗಳನ್ನು ಒಡೆದೆವು. ಹುಣಸೆಬೀಜಗಳನ್ನು ಸಾಲಾಗಿಟ್ಟು ದನಿಗೊಂದರಂತೆ ಸರಿಸಿದೆವು. ಜಾತ್ರೆಗೆ ಹೊರಟಾಗ ಅದೇ ನಿಲ್ದಾಣದಲ್ಲಿ ಅವಳು ಫಲಕವನ್ನು ದಿಟ್ಟಿಸಿ, ತುಟಿ ಅಲುಗಿಸಿ, ‘ಪಟ್... ಟದಕಲು’ ಎಂದಳು. ಮೊದಲನೆಯ ಒತ್ತು ಬಂದಿತ್ತು.