ಹೊಗೆಗೊಂದು ತೂಬು: ಎಸ್‌ಎಲ್‌ಆರ್ ರೈಫಲಿನ ಒಳಗುಟ್ಟು

ಬಂದೋಬಸ್ತಿಗೆ ನಿಂತ ಪೊಲೀಸರ ಹೆಗಲಲ್ಲಿ ಉದ್ದನೆಯ ಎಸ್‌ಎಲ್‌ಆರ್ ಕಂಡೊಡನೆ ‘ಬಂದೂಕಿನ ಕುದುರೆ ಎಳೆದರೆ ಗುಂಡಿನ ಮಳೆ’ ಅನ್ನುವವರು ಈಗಲೂ ಇದ್ದಾರೆ. ಅದು ತಪ್ಪು. ಸೆಲ್ಫ್ ಲೋಡಿಂಗ್ ರೈಫಲ್ ಅಂದರೆ ಮುಂದಿನ ತೋಟಾವನ್ನು (ಗುಂಡು, ಮದ್ದು ಕೂಡಿದ ಕೋಶವನ್ನು) ತಾನೇ ತುಂಬಿಕೊಳ್ಳುವ ಬಂದೂಕು, ಅಷ್ಟೇ. ಒಂದು ಎಳೆತಕ್ಕೆ ಒಂದೇ ಗುಂಡು.

ತುಂಬಿಸುವುದು ಯಾರು? ಗುಂಡನ್ನು ತಳ್ಳಿದ ಮದ್ದಿನ ಹೊಗೆಯೇ! ನಳಿಕೆಯ ಮೇಲೊಂದು ಸಣ್ಣ ರಂಧ್ರವಿದೆ. ಗುಂಡು ಅದನ್ನು ದಾಟಿದ ಮೇಲೆ ಬಿಸಿ ಅನಿಲದ ಒಂದು ಪಾಲು ಅಲ್ಲಿಂದ ನುಗ್ಗಿ ಪಿಸ್ಟನ್ನಿಗೆ ಗುದ್ದುತ್ತದೆ. ಅಲ್ಲಿಯವರೆಗೆ, ನಳಿಕೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಹಿಂತುದಿ ಕೆಳಗಿನ ಉಕ್ಕಿನ ಅಂಚಿಗೆ ಆನಿಕೊಂಡಿರುತ್ತದೆ, ಬಾಗಿಲಿಗೆ ಓರೆಯಾಗಿ ಕೊಟ್ಟ ಒನಕೆಯ ಹಾಗೆ. ಎಷ್ಟು ನೂಕಿದರೂ ಬಾಗಿಲು ತೆರೆಯದು. ಒನಕೆಯ ತುದಿ ಎತ್ತಿದರೆ ಸಾಕು. ಪಿಸ್ಟನ್ನಿನ ಗುದ್ದಿಗೆ ಆ ತುದಿ ಏಳುತ್ತದೆ, ಬೋಲ್ಟ್ ಹಿಂದೆ ಸರಿದು ಖಾಲಿ ಕೋಶವನ್ನು ಎಸೆಯುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮುಂದಕ್ಕೆ ದೂಡುವಾಗ ಹೊಸ ತೋಟಾ ಒಳಗೆ.

ನನ್ನ ಮನಸ್ಸು ಸೆಳೆಯುವುದು ಹಲ್ಲುಗಳಿರುವ ಒಂದು ಪುಟ್ಟ ಬಳೆ, ಗ್ಯಾಸ್ ರೆಗ್ಯುಲೇಟರ್. ಗದ್ದೆಗೆ ನೀರು ಬಿಡುವ ರೈತ ತೂಬು ಎಷ್ಟು ಎತ್ತಬೇಕೆಂದು ನೋಡಿಕೊಳ್ಳುತ್ತಾನಲ್ಲ, ಹಾಗೆ. ಬಳೆ ತಿರುಗಿಸಿ ಕಿಂಡಿ ತೆರೆದರೆ ಹೆಚ್ಚಿನ ಅನಿಲ ಹೊರಗೆ, ಮುಚ್ಚಿದರೆ ಪಿಸ್ಟನ್ನಿಗೆ. ಕುಕ್ಕರಿನ ಸೀಟಿಯಿಂದ ಆವಿ ಹೋದಂತೆ, ಬೇಡದ್ದು ಹೊರಬೀಳುತ್ತದೆ. ಅನಿಲ ಕಡಿಮೆಯಾದರೆ ಖಾಲಿ ಕೋಶ ಸಿಕ್ಕಿಕೊಳ್ಳುತ್ತದೆ. ಅತಿಯಾದರೆ ಯಂತ್ರ ತನ್ನನ್ನೇ ಜಜ್ಜಿಕೊಳ್ಳುತ್ತದೆ, ಹೆಗಲಿಗೂ ಪೆಟ್ಟು. ಮಸಿ, ಮರಳು ಕಟ್ಟಿದಾಗ ಸೈನಿಕ ಒಂದೆರಡು ಹಲ್ಲು ಮುಚ್ಚಿ ಬಲ ಹೆಚ್ಚಿಸಿಕೊಳ್ಳುತ್ತಾನೆ.

ಇದರ ಮೂಲ ಬೆಲ್ಜಿಯಂನ ಎರ್ಸ್ತಾಲ್, ಎಫ್‌ಎನ್ ಕಾರ್ಖಾನೆಯ ಡ್ಯುಡೊನೆ ಸೆವ್ ರೂಪಿಸಿದ ‘ಫಾಲ್’ ರೈಫಲ್. ಮೊದಲ ಮಾದರಿ ಜರ್ಮನಿಯ ಗಿಡ್ಡ ತೋಟಾಕ್ಕೆ ತಕ್ಕಂತೆ ಇತ್ತು. ಅಮೆರಿಕ ಹಟ ಹಿಡಿದು ತನ್ನ ದೊಡ್ಡ 7.62 ಮಿ.ಮೀ. ತೋಟಾವನ್ನೇ ನ್ಯಾಟೋ ಕೂಟಕ್ಕೆ ಒಪ್ಪಿಸಿತು, ರೈಫಲ್ ಬೆಳೆಯಬೇಕಾಯಿತು. ಆಮೇಲೆ ಅದೇ ಅಮೆರಿಕ ಫಾಲ್ ಬಿಟ್ಟು 1957ರಲ್ಲಿ ತನ್ನದೇ ಎಂ14 ಆರಿಸಿಕೊಂಡಿತು. ಇದು ನ್ಯಾಯವಲ್ಲ ಎಂದೇ ನನಗೆ ಅನ್ನಿಸುತ್ತದೆ.

ಆಸ್ಟ್ರಿಯಾ ಫಾಲನ್ನು ಎಸ್‌ಟಿಜಿ 58 ಎಂದಿತು, ಕೆನಡಾ ಸಿ1 ಎಂದಿತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ನಕ್ಷೆಯನ್ನು ಇಂಚಿನ ಅಳತೆಗೆ ತಿರುಗಿ ಬರೆದವು. ವ್ಯತ್ಯಾಸ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ: ತೋಟಾ ತುಂಬಿಡುವ ಬೆಲ್ಜಿಯಂ ಮ್ಯಾಗಜಿನ್ನಿನ ಮುಂದೆ ಪುಟ್ಟ ಉಬ್ಬು, ಬ್ರಿಟಿಷರದಕ್ಕೆ ಬೆಸೆದ ದಪ್ಪ ಕೊಕ್ಕೆ. ಹೀಗೆ ಅಣ್ಣತಮ್ಮಂದಿರು ಬೇರೆ ಬೇರೆಯಾದರು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷರದ್ದೂ ಅರ್ಜೆಂಟೀನಾದವರದ್ದೂ ಇದೇ ವಂಶದ ಬಂದೂಕು.

1962ರ ಚೀನಾ ಯುದ್ಧದಲ್ಲಿ ಹಿಮಾಲಯದ ಮೇಲೆ ನಮ್ಮ ಯೋಧರು ಹಳೆಯ .303 ರೈಫಲ್ ಹಿಡಿದು, ಪ್ರತಿ ಗುಂಡಿಗೂ ಮರಗಟ್ಟಿದ ಬೆರಳಲ್ಲಿ ಬೋಲ್ಟ್ ಎಳೆಯಬೇಕಿತ್ತು. ಆ ಯುದ್ಧದ ನಂತರ ಬಂಗಾಳದ ಇಛಾಪುರ ಕಾರ್ಖಾನೆಯಿಂದ 1ಎ1, ನಮ್ಮ ಎಸ್‌ಎಲ್‌ಆರ್, ದಂಡಿಯಾಗಿ ಹೊರಬಂತು. 1990ರ ದಶಕದಲ್ಲಿ ಇನ್ಸಾಸ್ ರೈಫಲ್ ಬಂದ ಮೇಲೆ ಸೇನೆಯಲ್ಲಿ ಅದು ಹಿಂದೆ ಸರಿಯಿತು, ಪೊಲೀಸರ ಬಳಿ ಉಳಿಯಿತು. ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಮುಂದಿನ ಗುರಿಕಣ್ಣಿನ ಹಿಂದೆಯೇ ಕಣ್ಣು ಹಾಯಿಸಿ. ಆ ಹಲ್ಲಿನ ಬಳೆ ಅಲ್ಲೇ ಇರುತ್ತದೆ.