ಸಾವಿರ ಜನರನ್ನು ಕೇಳಿದರೆ ಬ್ರಿಟನ್ನಿನ ಮನಸ್ಸು ತಿಳಿಯುತ್ತದೆಯೇ?

ಪ್ರಶ್ನೆ: ಆರು ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಸಾವಿರವೋ ಮೂರು ಸಾವಿರವೋ ಮಂದಿಯನ್ನು ಕೇಳಿ ‘ಬ್ರಿಟಿಷರು ಹೀಗೆ ಯೋಚಿಸುತ್ತಾರೆ’ ಎಂದು ಬರೆಯುತ್ತಾರಲ್ಲ, ಅದನ್ನು ನಂಬಬಹುದೇ?

ಉತ್ತರ: ನಂಬಬಹುದು. ಆದರೆ ಎಷ್ಟು ಜನರನ್ನು ಕೇಳಿದರು ಎನ್ನುವುದಕ್ಕಿಂತ ಅವರನ್ನು ಹೇಗೆ ಆರಿಸಿದರು ಎನ್ನುವುದನ್ನು ಮೊದಲು ನೋಡಬೇಕು. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಸಾವಿರ ಜನರನ್ನು ಆರಿಸಿದರೆ, ಉತ್ತರ ಸಾಮಾನ್ಯವಾಗಿ ಶೇ 3ರಷ್ಟು ಆಚೀಚೆ ಆಗಬಹುದು, ಅಷ್ಟೇ. ದೇಶದಲ್ಲಿ ಆರು ಕೋಟಿ ಜನರಿದ್ದರೂ ನೂರು ಕೋಟಿ ಇದ್ದರೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಕಷ್ಟವಿರುವುದು ಹಾಗೆ ಆರಿಸುವುದರಲ್ಲಿ.

2015ರ ಮೇ ತಿಂಗಳ ಚುನಾವಣೆಯನ್ನೇ ನೋಡಿ. ಕನ್ಸರ್ವೇಟಿವ್ ಮತ್ತು ಲೇಬರ್ ಪಕ್ಷಗಳದ್ದು ಸಮಬಲದ ಹೋರಾಟ ಎಂದು ಸಮೀಕ್ಷೆಗಳು ಹೇಳಿದ್ದವು. ಎಣಿಕೆ ಮುಗಿದಾಗ ಕನ್ಸರ್ವೇಟಿವ್ ಪಕ್ಷ ಶೇ 6ಕ್ಕೂ ಹೆಚ್ಚು ಮತಗಳಿಂದ ಮುಂದಿತ್ತು. ಪ್ರೊ. ಪ್ಯಾಟ್ರಿಕ್ ಸ್ಟರ್ಜಿಸ್ ನೇತೃತ್ವದ ವಿಚಾರಣೆ ಕಂಡುಕೊಂಡ ಮುಖ್ಯ ಕಾರಣ: ಫೋನಿನಲ್ಲಿ, ಇಂಟರ್ನೆಟ್ಟಿನಲ್ಲಿ ಮಾತಿಗೆ ಸಿಕ್ಕವರಲ್ಲಿ ಲೇಬರ್ ಬೆಂಬಲಿಗರೇ ಹೆಚ್ಚಿದ್ದರು.

ಅದೇ ವರ್ಷ, ಚುನಾವಣೆಯ ನಂತರ, ‘ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್’ ಸಮೀಕ್ಷೆಯೂ ಯಾರಿಗೆ ಮತ ಹಾಕಿದಿರಿ ಎಂದು ಜನರನ್ನು ಕೇಳಿತು. 1983ರಲ್ಲಿ ಶುರುವಾದ ಸಮೀಕ್ಷೆ ಅದು. ಅಂಚೆ ವಿಳಾಸಗಳ ಪಟ್ಟಿಯಿಂದ ಮನೆಗಳನ್ನು ಆರಿಸಿ, ಮನೆಗೊಬ್ಬರಂತೆ ವಯಸ್ಕರನ್ನು ಮಾತಾಡಿಸುತ್ತಿದ್ದರು. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿರಲಿಲ್ಲ. ಇನ್ನೊಂದು ದಿನ ಅದೇ ಮನೆಗೆ ಬರಬೇಕು. ಪ್ರೊ. ಜಾನ್ ಕರ್ಟಿಸ್ ಈ ಅಂಕಿಗಳನ್ನು ಬಿಡಿಸಿ ನೋಡಿದರು. ಮೊದಲ ಭೇಟಿಯಲ್ಲೇ ಸಿಕ್ಕವರಲ್ಲಿ ಲೇಬರ್ ಶೇ 6ರಷ್ಟು ಮುಂದಿತ್ತು. ಮೂರರಿಂದ ಆರು ಸಲ ಹೋದ ಮೇಲೆ ಸಿಕ್ಕವರಲ್ಲಿ ಕನ್ಸರ್ವೇಟಿವ್ ಶೇ 11ರಷ್ಟು ಮುಂದಿತ್ತು! ಎಲ್ಲರನ್ನೂ ಸೇರಿಸಿದಾಗ ಬಂದ ಅಂತರ ನಿಜವಾದ ಫಲಿತಾಂಶಕ್ಕೆ ತೀರ ಹತ್ತಿರವಿತ್ತು. ಬಾಗಿಲಿಂದ ಬಾಗಿಲಿಗೆ ಅಲೆಯುವ ಈ ಕೆಲಸಕ್ಕೆ ಹಣವೂ ಬೇಕು, ತಿಂಗಳುಗಳೂ ಬೇಕು. ಆದರೂ ಅದಕ್ಕೆ ಬದಲಿ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಸಮೀಕ್ಷೆಯ ಇನ್ನೊಂದು ಬಲ, ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ದಶಕಗಳ ಕಾಲ ಕೇಳುತ್ತಾ ಬಂದಿರುವುದು. ಗಂಡಸಿನ ಕೆಲಸ ದುಡಿಮೆ, ಹೆಂಗಸಿನ ಕೆಲಸ ಮನೆ ಮಕ್ಕಳು ಎಂಬ ಮಾತನ್ನು 1987ರಲ್ಲಿ ಶೇ 48 ಮಂದಿ ಒಪ್ಪಿದ್ದರು. 2022ರಲ್ಲಿ ಒಪ್ಪಿದವರು ಶೇ 9. ಸಲಿಂಗ ಸಂಬಂಧದಲ್ಲಿ ಯಾವ ತಪ್ಪೂ ಇಲ್ಲ ಎಂದವರು 1983ರಲ್ಲಿ ಶೇ 17, 2022ರಲ್ಲಿ ಶೇ 67.

ಅಭಿಪ್ರಾಯ ಬದಲಾಯಿತು ಸರಿ, ಬದುಕು? ಮನೆಗೆಲಸದಲ್ಲಿ ನನ್ನ ಪಾಲಿಗಿಂತ ಹೆಚ್ಚು ಮಾಡುತ್ತಿದ್ದೇನೆ ಎಂದು 2022ರಲ್ಲಿ ಹೇಳಿದ ಹೆಂಗಸರು ಶೇ 63, ಗಂಡಸರು ಶೇ 22. ಬಟ್ಟೆ ಒಗೆಯುವುದು ಇಂದಿಗೂ ಬಹುಪಾಲು ಮನೆಗಳಲ್ಲಿ ಹೆಂಗಸರ ಪಾಲಿಗೇ. ‘ಏನನ್ನಿಸುತ್ತದೆ’ ಎಂಬ ಒಂದೇ ಪ್ರಶ್ನೆಗೆ ನಿಲ್ಲದೆ ‘ಮನೆಯಲ್ಲಿ ಯಾರು ಮಾಡುತ್ತೀರಿ’ ಎಂದೂ ಕೇಳಿದ್ದರಿಂದಲೇ ಇದು ಹೊರಬಂತು. ಇಂಥ ಜೋಡಿ ಪ್ರಶ್ನೆಗಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಗ್ಗೆಯೂ ಹಾಗೆಯೇ. ಅದರ ಬಗ್ಗೆ ತೃಪ್ತಿ ಇದೆ ಎಂದವರು 2010ರಲ್ಲಿ ಶೇ 70, 2024ರಲ್ಲಿ ಶೇ 21. ಇಷ್ಟನ್ನೇ ಓದಿದರೆ ಜನ ಅದನ್ನು ಕೈಬಿಟ್ಟಿದ್ದಾರೆ ಅನ್ನಿಸುತ್ತದೆ. ಆದರೆ ಚಿಕಿತ್ಸೆ ಉಚಿತವಾಗಿಯೇ ಇರಬೇಕು ಎಂದು ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 90 ಮಂದಿ ಹೇಳಿದ್ದಾರೆ.

ಮುಂದಿನ ಸಲ ಇಂಥ ಸುದ್ದಿ ಕಂಡರೆ ಕೇಳಿದ ಪ್ರಶ್ನೆಯ ಪೂರ್ತಿ ಪಾಠವನ್ನೂ ಕೋಷ್ಟಕವನ್ನೂ ಹುಡುಕಿ. ಸಮೀಕ್ಷೆ ನಡೆಸುವ ಸಂಸ್ಥೆಗಳ ಒಕ್ಕೂಟವಾಗಿ 2004ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯ ಸಂಸ್ಥೆಗಳು ಇವೆರಡನ್ನೂ ಪ್ರಕಟಿಸಲೇಬೇಕು. ಜಾಲತಾಣಗಳಲ್ಲಿ ಬಟನ್ ಒತ್ತಿಸಿ ನಡೆಸುವ ಮತದಾನವನ್ನು ಮಾತ್ರ, ಲಕ್ಷ ಜನ ಒತ್ತಿದ್ದರೂ, ದೇಶದ ಅಭಿಪ್ರಾಯವೆಂದು ಎಣಿಸಬೇಡಿ.