ಸೋಲಾರ್ ಪ್ಯಾನೆಲ್ ಬಂತು, ಕೂರಿಸೋರು ಎಲ್ಲಿ?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮನೆ ತಾರಸಿಗೆ ಸೋಲಾರ್ ಹಾಕಿಸಲು ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ತಂದಿತು. ಗುರಿ 1 ಕೋಟಿ ಮನೆ, ಹಣ 75,021 ಕೋಟಿ ರೂಪಾಯಿ. ಈ ಎರಡು ಅಂಕಿ ಪರೀಕ್ಷೆಗೆ ಓದುವ ಎಲ್ಲರ ನೋಟ್ಸ್‌ನಲ್ಲೂ ಇರುತ್ತವೆ. ಅಷ್ಟೂ ಮನೆಗಳ ತಾರಸಿ ಹತ್ತಿ ಪ್ಯಾನೆಲ್ ಕೂರಿಸೋರು ಯಾರು? ಈ ಪಾಠವನ್ನು ಆ ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಊರಲ್ಲಿ ಎಲೆಕ್ಟ್ರಿಷಿಯನ್‌ಗಳು ಇದ್ದಾರಲ್ವಾ ಅನ್ನಬಹುದು. ಅಷ್ಟು ಸಾಲದು. ಮನೆ ವೈರಿಂಗ್ ಮಾಡುವವರು ಮೊದಲು ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಪ್ಯಾನೆಲ್ ಆಫ್ ಆಗುವುದೇ ಇಲ್ಲ. ಬಿಸಿಲಿರುವಷ್ಟು ಹೊತ್ತೂ ಅದರಲ್ಲಿ ವೋಲ್ಟೇಜ್ ಇರುತ್ತದೆ. ಒಂದಕ್ಕೆ 40 ವೋಲ್ಟ್ ಅಂದುಕೊಳ್ಳಿ, 10 ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಜೋಡಿಸಿದರೆ 400 ವೋಲ್ಟ್. ಅದೂ ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್. ಮನೆಯ ಎಸಿ ಕರೆಂಟ್ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಕಿಡಿ ಬೇಗ ಆರುತ್ತದೆ. ಡಿಸಿ ಸೊನ್ನೆಗೆ ಬರುವುದಿಲ್ಲ, ಕಿಡಿ ಸುಲಭವಾಗಿ ಆರುವುದೂ ಇಲ್ಲ. ತಂತಿಯ ತುದಿಗೆ ಹಾಕುವ ಎಂಸಿ-4 ಕನೆಕ್ಟರ್‌ನ ಕ್ರಿಂಪ್, ಅಂದರೆ ಒತ್ತಿ ಕೂರಿಸಿದ ಜೋಡಣೆ, ಸ್ವಲ್ಪ ಸಡಿಲ ಇದ್ದರೂ ಅಲ್ಲಿ ಬಿಸಿ ಏರುತ್ತದೆ, ಕೊನೆಗೆ ಬೆಂಕಿ ಹತ್ತಬಹುದು. ಲೋಡ್ ಇರುವಾಗ, ಅಂದರೆ ಕರೆಂಟ್ ಹರಿಯುತ್ತಿರುವಾಗ, ಆ ಕನೆಕ್ಟರ್ ಎಳೆಯಲೇಬಾರದು. ಇದನ್ನು ಬರೀ ಓದಿ ಕಲಿಯೋಕಾಗಲ್ಲ. ಕ್ರಿಂಪಿಂಗ್ ಟೂಲ್ ಕೈಯಲ್ಲಿ ಹಿಡಿದೇ ಕಲಿಯಬೇಕು.

ತರಬೇತಿ ಇಲ್ಲವೇ ಇಲ್ಲ ಅಂತೇನಲ್ಲ. 2015ರಲ್ಲಿ ಸೂರ್ಯಮಿತ್ರ ಎಂಬ ಸರ್ಕಾರಿ ತರಬೇತಿ ಶುರುವಾಯಿತು. ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. 600 ಗಂಟೆ, ಅಂದರೆ ಸುಮಾರು ಮೂರು ತಿಂಗಳು, ತರಬೇತಿ ಕೇಂದ್ರದಲ್ಲೇ ಉಳಿದು ಉಚಿತವಾಗಿ ಕಲಿಯಬಹುದು. ಇಂಥ ಕೆಲಸಗಳ ತರಬೇತಿಗೆ ಮಾನದಂಡ ರೂಪಿಸುವ ಹಸಿರು ಉದ್ಯೋಗಗಳ ಕೌಶಲ್ಯ ಮಂಡಳಿ ಬಂದದ್ದೂ ಅದೇ ವರ್ಷ.

ನನ್ನ ಪ್ರಕಾರ ತೊಡಕು ಇರುವುದು ಕಲಿತ ಮೇಲೆ. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ನೋಡಿ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಕಟ್ಟುವಾಗ ಕೈತುಂಬ ಕೆಲಸ ಇತ್ತು. ಕಟ್ಟಿ ಮುಗಿದ ಮೇಲೆ ಊರಿನವರ ಪಾಲಿಗೆ ಹೆಚ್ಚಾಗಿ ಉಳಿದದ್ದು ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು, ಕಾವಲು. ಜಮೀನಿದ್ದವರಿಗೆ ಬಾಡಿಗೆಯಾದರೂ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಅದೂ ಇಲ್ಲ. ಈ ಮಾತು ಉತ್ತರದಲ್ಲಿ ಖಂಡಿತ ಬರಬೇಕು.

ತಾರಸಿ ಸೋಲಾರ್‌ನ ಲೆಕ್ಕವೇ ಬೇರೆ. ಸಿಇಇಡಬ್ಲ್ಯೂ ಮತ್ತು ಎನ್‌ಆರ್‌ಡಿಸಿ ಎಂಬ ಇಂಧನ, ಪರಿಸರ ಅಧ್ಯಯನ ಸಂಸ್ಥೆಗಳ ಅಂದಾಜಿನಲ್ಲಿ ಒಂದು ಮೆಗಾವ್ಯಾಟ್ ತಾರಸಿ ಸೋಲಾರ್‌ಗೆ ಸುಮಾರು 25 ಉದ್ಯೋಗ-ವರ್ಷ ಬೇಕು, ದೊಡ್ಡ ಪಾರ್ಕ್‌ಗೆ 3.5ರ ಆಸುಪಾಸು. ಒಂದು ಉದ್ಯೋಗ-ವರ್ಷ ಅಂದರೆ ಒಬ್ಬರಿಗೆ ಒಂದು ವರ್ಷದ ಕೆಲಸ. ಕೆಲಸ ಜಾಸ್ತಿ, ಅದೂ ಊರೂರಿಗೆ ಹಂಚಿಹೋಗಿರುವ ಕೆಲಸ. ಹಾಗಾಗಿ ಕಲಿತವರು ಊರಲ್ಲೇ ಉಳಿಯಬೇಕು.

ಇದನ್ನು ಮೊದಲೇ ಕಂಡುಕೊಂಡದ್ದು ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜು. ಹೆಚ್ಚು ಓದಿಲ್ಲದ ಹಳ್ಳಿಯ ಹೆಂಗಸರಿಗೆ, ಅಜ್ಜಿಯರಿಗೂ, ಬಣ್ಣ ಮತ್ತು ಸನ್ನೆಗಳ ಮೂಲಕ ಆರು ತಿಂಗಳು ಸೋಲಾರ್ ಕೆಲಸ ಕಲಿಸಿದರು. ಯುವಕರು ಸರ್ಟಿಫಿಕೇಟ್ ಸಿಕ್ಕ ಕೂಡಲೇ ಪಟ್ಟಣ ಸೇರುತ್ತಾರೆ, ಅಜ್ಜಿಯರು ಊರು ಬಿಡುವುದಿಲ್ಲ ಅನ್ನುವುದು ಅವರ ಲೆಕ್ಕಾಚಾರ.

ಸೂರ್ಯ ಘರ್ ನಿಯಮದಂತೆ ಪ್ಯಾನೆಲ್ ಕೂರಿಸಿಕೊಟ್ಟ ಕಂಪನಿಯವರು 5 ವರ್ಷ ಅದನ್ನು ಉಚಿತವಾಗಿ ನಿರ್ವಹಿಸಬೇಕು. ಆ ಕೆಲಸಕ್ಕೆ ತಾಲ್ಲೂಕಿನ ಐಟಿಐ ಹುಡುಗ ಹುಡುಗಿಯರನ್ನೇ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಬೇಕು ಅಂತ ಷರತ್ತು ಹಾಕಬಹುದು. ಪರಿಹಾರ ಸೂಚಿಸಿ ಎಂದು ಕೇಳಿದರೆ ನಾನು ಮೊದಲು ಬರೆಯುವುದು ಇದನ್ನೇ.